ಪರನಾಡಿನಲ್ಲಿ ಪಳಗಿದ ನಮ್ಮ ಎಂಜಿನಿಯರ್

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಅದಕ್ಕೂ ಮೊದಲು ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಹೊರನಾಡಿನಲ್ಲಿ ದುಡಿದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಿ.ಇ. ಮುಗಿಸುತ್ತಲೇ ವಿದೇಶದ ಕನಸು ಕಾಣುವ ನಮ್ಮ ವೈಟ್‌ಫೀಲ್ಡ್ ಭಾಗದ ಹುಡುಗ ಹುಡುಗಿಯರಿಗಾಗಿ, ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನಾನು ಆ ವರ್ಷಗಳ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿಕೊಂಡು ಓದಿ, 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕಲಿತರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿ ನಾಸಿಕಕ್ಕೆ ಹೋದರು.

ಹತ್ತು ವರ್ಷಗಳ ನಂತರ ಅವರನ್ನು ಸಿಂಧ್ ಪ್ರದೇಶದ ಸುಕ್ಕೂರಿಗೆ ಕಳಿಸಲಾಯಿತು. ಆಗ ಮುಂಬಯಿ ಆಡಳಿತದಲ್ಲಿದ್ದ ಆ ಊರು ಇಂದು ಪಾಕಿಸ್ತಾನದಲ್ಲಿದೆ. ಸಿಂಧೂ ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ಅದರ ನೀರು ಬರೀ ಕೆಸರು. ಶೋಧಕ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯ ಬಳಿ ಹಣವಿರಲಿಲ್ಲ. ಅವರು ದಡದ ಹತ್ತಿರ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳೇ ಜರಡಿಯಾಯಿತು. ಜಿನುಗಿ ಬಂದ ತಿಳಿನೀರನ್ನು ಪಂಪು ಮಾಡಿ ಊರಿಗೆ ಕೊಟ್ಟರು. ಬೇಸಿಗೆಯಲ್ಲಿ ಹೊಳೆಯ ಮರಳು ಬಗೆದು ಒರತೆ ನೀರು ತುಂಬಿಕೊಳ್ಳುತ್ತಿದ್ದ ನಮ್ಮ ಹಿರಿಯರಿಗೆ ಈ ಉಪಾಯ ಸುಲಭವಾಗಿ ಅರ್ಥವಾದೀತು.

1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ, ಕೈಗಾರಿಕೆಗಳನ್ನು ಕಂಡುಬಂದರು. 1906ರಲ್ಲಿ, ಇಂದು ಯೆಮನ್ ದೇಶದಲ್ಲಿರುವ ಏಡನ್ ಬಂದರಿಗೆ ಕುಡಿಯುವ ನೀರು ಮತ್ತು ಒಳಚರಂಡಿಯ ಯೋಜನೆ ರೂಪಿಸಲು ತೆರಳಿದರು. ಅಲ್ಲಿ ಮಳೆ ತೀರಾ ಕಡಿಮೆ. ಜನ ಸಮುದ್ರದ ನೀರನ್ನು ಭಟ್ಟಿ ಇಳಿಸಿ ಕುಡಿಯಬೇಕಾಗಿತ್ತು. ಅವರು ಒಳನಾಡಿನ ಲಹೇಜ್ ಕಡೆಯ ನದಿಪಾತ್ರದ ಬಳಿ ಬಾವಿ ತೋಡಿ ನೀರು ತರುವ ಸಲಹೆ ಕೊಟ್ಟರು.

1909ರಲ್ಲಿ ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಮರಳಿದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಓದಲು ತಾವು ಪುಣೆಗೆ ಹೋಗಬೇಕಾಗಿತ್ತು, ಮುಂದಿನ ಮಕ್ಕಳಿಗೆ ಆ ವಿದ್ಯೆ ನಮ್ಮಲ್ಲೇ ಸಿಕ್ಕಿತು. 1962ರ ಏಪ್ರಿಲ್ 14ರಂದು ಅವರು ತೀರಿಕೊಂಡರು.

ಇಂದು ನಮ್ಮ ಭಾಗದಲ್ಲಿ ಕೊಳವೆಬಾವಿಗಳು ಬತ್ತುತ್ತಿವೆ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳೂ ಟ್ಯಾಂಕರಿನ ದಾರಿ ಕಾಯುತ್ತಿವೆ. ಹೊರದೇಶಕ್ಕೆ ಹೋಗುವ ನಮ್ಮ ಶಾಲೆಯ ಮಕ್ಕಳು ಧಾರಾಳವಾಗಿ ಹೋಗಲಿ, ಕಲಿಯಲಿ. ಆದರೆ ಕಲಿತದ್ದರಲ್ಲಿ ಒಂದಿಷ್ಟು ನಮ್ಮೂರ ಕೆರೆಗೂ ಸಲ್ಲಲಿ. ಮುದ್ದೇನಹಳ್ಳಿ ನಮಗೆ ದೂರವೇನಲ್ಲ. ಅವರ ಮನೆ, ಸಮಾಧಿ ಅಲ್ಲಿವೆ. ಸುವರ್ಣ ಮಹೋತ್ಸವದ ಈ ವರ್ಷ ಶಾಲೆಯ ಪ್ರವಾಸ ಅಲ್ಲಿಗೇ ಹೊರಡಲಿ ಎಂದು ಗುರುಗಳಲ್ಲಿ ನನ್ನ ವಿನಂತಿ.