ಬೆಳ್ಳಿ ನಾಣ್ಯದ ಮೇಲಿನ ಹೆಸರು

ಸಿದ್ದರಬೆಟ್ಟದ ಸುತ್ತಿನ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಗಳೆಲ್ಲ ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹಾಗ, ಅಡ್ಡ, ಪಾವಲಿ ಎಂಬ ಲೆಕ್ಕದ ಮಾತು ಹಿರಿಯರ ಬಾಯಲ್ಲಿ ಬಂದಾಗಲೆಲ್ಲ ನನಗೆ ಮುಮ್ಮಡಿ ಕೃಷ್ಣರಾಜ ಒಡೆಯರು ನೆನಪಾಗುತ್ತಾರೆ.

ಅವರು ಹುಟ್ಟಿದ್ದು 1794ರಲ್ಲಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು, ಇನ್ನೂ ಐದು ತುಂಬದ ಈ ಮಗುವಿಗೆ ಪಟ್ಟ ಕಟ್ಟಿದರು. ಆಡಳಿತ ದಿವಾನ್ ಪೂರ್ಣಯ್ಯನವರದು, ಸೈನ್ಯ ಕಂಪನಿಯದು, ಅದರ ಖರ್ಚಿಗೆ ವರ್ಷಕ್ಕೆ 7 ಲಕ್ಷ ವರಾಹ ಮಾತ್ರ ಮೈಸೂರಿನದು!

ಈ ಅರೆ ಸ್ವಾತಂತ್ರ್ಯ ನಾಣ್ಯದಲ್ಲೇ ಕಾಣುತ್ತದೆ. ಟಿಪ್ಪು ತನ್ನ ಇಮಾಮಿ ರೂಪಾಯಿಯ ಮೇಲೆ ದೆಹಲಿಯ ಬಾದಶಹನ ಹೆಸರು ಹಾಕಿಸಿರಲಿಲ್ಲ. ಮುಮ್ಮಡಿಯವರ ಕಾಲದ ಬೆಳ್ಳಿ ರೂಪಾಯಿಯಲ್ಲಿ ಪಾರಸಿ ಅಕ್ಷರದಲ್ಲಿ ಶಾ ಆಲಂ ಹೆಸರು ಬಂತು. ಕಂಪನಿಯವರೂ ತಮ್ಮ ರೂಪಾಯಿಗೆ ಅದನ್ನೇ ಹಾಕುತ್ತಿದ್ದರು. ಶಾ ಆಲಂ 1806ರಲ್ಲಿ ತೀರಿಕೊಂಡ ಮೇಲೂ ಹೆಸರು ಅಳಿಯಲಿಲ್ಲ. ಆದರೆ ಚಿನ್ನದ ವರಾಹದಲ್ಲಿ ಶಿವಪಾರ್ವತಿಯರು, ಹಿಂದೆ ನಾಗರಿಯಲ್ಲಿ ಶ್ರೀ ಕೃಷ್ಣರಾಜ. ಚಿಕ್ಕ ಬೆಳ್ಳಿ ನಾಣ್ಯದಲ್ಲಿ ಕುಣಿಯುವ ಚಾಮುಂಡಿ. ತಾಮ್ರದ ಕಾಸಿನಲ್ಲಿ ಮೊದಲು ಆನೆ, ಆಮೇಲೆ ಸಿಂಹ. ಬೆಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ದೊಡ್ಡ ರೂಪಾಯಿ ದೆಹಲಿಯದಾದರೂ ಬಡವರ ಕೈಯ ಚಿಲ್ಲರೆ ನಮ್ಮ ದೇವಿಯದಾಗಿತ್ತು. ನನಗೆ ಇದು ಸಣ್ಣ ಸಂಗತಿ ಎನಿಸುವುದಿಲ್ಲ.

ನಗರದ ರೈತರ ದಂಗೆಯ ನೆಪದಲ್ಲಿ 1831ರಲ್ಲಿ ಕಂಪನಿ ಆಡಳಿತವನ್ನೇ ಕಿತ್ತುಕೊಂಡಿತು. ಟಂಕಸಾಲೆ 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಅರಸರಿಗೆ ಉಳಿದದ್ದು ಅರಮನೆ, ವಿಶ್ರಾಂತಿವೇತನ, ವಿದ್ವಾಂಸರ ಸಂಗ. ಶ್ರೀತತ್ತ್ವನಿಧಿಯಂಥ ಗ್ರಂಥ ಅವರ ಆಶ್ರಯದಲ್ಲಿ ಸಿದ್ಧವಾಯಿತು, ಚದುರಂಗದಲ್ಲೂ ಅವರದು ಎತ್ತಿದ ಕೈ. ಹಾಗೆಂದು ರಾಜ್ಯ ಮರೆತು ಕೂತವರಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ಹಿಂದಕ್ಕೆ ಕೇಳುತ್ತಲೇ ಇದ್ದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಅದನ್ನು ಒಪ್ಪಿದ್ದು 1867ರಲ್ಲಿ. ಮರುವರ್ಷ ಮಾರ್ಚ್ 27ರಂದು ಅರಸರು ಕಣ್ಮುಚ್ಚಿದರು.

1881ರಲ್ಲಿ ರಾಜ್ಯ ಮಗನ ಕೈಗೆ ಬಂತು. ಆದರೆ ಹಸ್ತಾಂತರ ಪತ್ರದಲ್ಲಿ ಮೈಸೂರು ತನ್ನ ನಾಣ್ಯವನ್ನು ಮತ್ತೆ ಹೊರಡಿಸಕೂಡದೆಂಬ ಷರತ್ತಿತ್ತು. ಹಾಗಾಗಿ ಮುಮ್ಮಡಿಯವರ ಹೆಸರಿನಲ್ಲಿ ಟಂಕಿಸಿದವೇ ಮೈಸೂರಿನ ಕಡೆಯ ನಾಣ್ಯಗಳು. ನಮ್ಮ ಸೀಮೆಯ ಯಾರ ಪೆಟ್ಟಿಗೆಯಲ್ಲಾದರೂ ಅಂಥದೊಂದು ಬೆಳ್ಳಿ ಬಿಲ್ಲೆ ಸಿಕ್ಕರೆ, ಅಕ್ಕಸಾಲಿಯ ಕುಲುಮೆಗೆ ಕೊಡುವ ಮೊದಲು ಒಂದು ದಿನ ಶಾಲೆಗೆ ತಂದು ಮಕ್ಕಳಿಗೆ ತೋರಿಸಿ.