ಅಕ್ಕನನ್ನೂ ಕೇಳಿದ್ದರು ಕೂದಲ ಪ್ರಶ್ನೆ

ಹೋದ ವರ್ಷ ಪದವಿ ಮುಗಿಸಿದ ಮೇಲೆ ಮೊದಲ ಸಲ ಒಂದು ಖಾಸಗಿ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ನಮ್ಮೂರು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ. ಬೆಳಗಿನ ಬಸ್ಸು ಹಿಡಿದು, ಕಿಟಕಿ ಪಕ್ಕ ಕೂತು ಧಾರವಾಡ ಮುಟ್ಟುವಷ್ಟರಲ್ಲಿ, ಅವ್ವ ಎಣ್ಣೆ ಹಚ್ಚಿ ಬಿಗಿದು ಹೆಣೆದಿದ್ದ ಹೆರಳಿನಿಂದ ಗುಂಗುರು ಕೂದಲು ಎಳೆ ಎಳೆಯಾಗಿ ಎದ್ದು ನಿಂತಿತ್ತು. ಮೇಜಿನ ಆಚೆ ಕೂತಿದ್ದವರು ನನ್ನ ಅಂಕಪಟ್ಟಿ ನೋಡುವ ಮೊದಲು ತಲೆ ನೋಡಿದರು. ಕೂದಲನ್ನು ಸ್ವಲ್ಪ ಸರಿ ಮಾಡಿಸಿಕೊಂಡು ಬರಬಹುದಿತ್ತಲ್ಲ ಎಂದು ನಗುತ್ತಲೇ ಕೇಳಿದರು. ನಾನೂ ನಕ್ಕೆ. ಆಮೇಲೆ ಕೇಳಿದ ಯಾವ ಪ್ರಶ್ನೆಗೂ ನನ್ನ ಬಾಯಿಂದ ನೆಟ್ಟಗೆ ಉತ್ತರ ಹೊರಡಲಿಲ್ಲ.

ಶಾಲೆಯಲ್ಲಿ ನನ್ನನ್ನು ಗುಬ್ಬಿಗೂಡು ಎನ್ನುತ್ತಿದ್ದರು, ಕಾಲೇಜಿನಲ್ಲಿ ನೂಡಲ್ಸ್. ಅದನ್ನೆಲ್ಲ ಸಹಿಸಿದ್ದವಳು ಈ ಸಲ ಸೋತೆ. ಅಪ್ಪ ಪುಸ್ತಕಕ್ಕೆಂದು ಕಳಿಸಿದ್ದ ದುಡ್ಡಿನಲ್ಲಿ ಪಾರ್ಲರಿಗೆ ಹೋಗಿ ಕೂದಲು ನೇರ ಮಾಡಿಸಿಕೊಂಡೆ. ಮನೆಯಲ್ಲಿ ಸುಳ್ಳು ಹೇಳಿದೆ. ಕೆಲವು ದಿನ ಕನ್ನಡಿಯಲ್ಲಿ ಯಾರೋ ಬೇರೆ ಹುಡುಗಿ ಕಂಡಳು. ಮೂರನೇ ತಿಂಗಳಿಗೆ ತುದಿಗಳು ಮುರಿದು ಉದುರತೊಡಗಿದವು. ಬುಡದಲ್ಲಿ ಮಾತ್ರ ಹಳೆಯ ಗುಂಗುರು ಮತ್ತೆ ತಲೆಯೆತ್ತಿತ್ತು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅದು ಸುರುಳಿಯೋ ನೇರವೋ ಎಂಬುದು ಹೆಚ್ಚಾಗಿ ಚರ್ಮದೊಳಗಿನ ಕೂದಲಿನ ಬುಡದ ಆಕಾರದ ಮೇಲೆ ನಿಂತಿದೆ. ಪಾರ್ಲರಿನ ರಾಸಾಯನಿಕ ಹೊರಗೆ ಬಂದ ಕೂದಲಿನ ಒಳಬಂಧಗಳನ್ನು ಮುರಿಯುತ್ತದೆಯೇ ಹೊರತು ಒಳಗಿನ ಆ ಬುಡವನ್ನು ಬದಲಿಸುವುದಿಲ್ಲ. ಇದನ್ನು ನಾನು ಓದಿ ತಿಳಿದದ್ದು ದುಡ್ಡು ಕಳೆದ ಮೇಲೆ.

ಆ ದಿನಗಳಲ್ಲೇ ಧಾರವಾಡದ ಸಪ್ತಾಪುರದ ರೂಮಿನಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ವಚನ ಸಾಹಿತ್ಯದ ಟಿಪ್ಪಣಿ ಮಾಡುತ್ತಿದ್ದೆ. ಅಕ್ಕಮಹಾದೇವಿ, 12ನೇ ಶತಮಾನ, ಹುಟ್ಟಿದ್ದು ಉಡುತಡಿ, ಅಂಕಿತ ಚೆನ್ನಮಲ್ಲಿಕಾರ್ಜುನ, ಕೃತಿ ಯೋಗಾಂಗ ತ್ರಿವಿಧಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅವತ್ತು ಪುಸ್ತಕ ಮುಚ್ಚಲಾಗಲಿಲ್ಲ. ತುಂಬಿದ ಸಭೆಯಲ್ಲಿ ಅಕ್ಕನನ್ನೂ ಕೂದಲಿನ ಬಗ್ಗೆ ಕೇಳಿದ್ದರು ಎಂಬುದು ಕಣ್ಣಿಗೆ ಬಿದ್ದಿತ್ತು. ನಮ್ಮಜ್ಜಿ ಊರಿನ ಅಕ್ಕನ ಬಳಗದವಳು. ಮನೆಯ ಗೋಡೆಯ ಮೇಲೆ ಮೈತುಂಬ ಕೂದಲು ಹೊದ್ದ ಅಕ್ಕನ ಫೋಟೊ ನೋಡುತ್ತಲೇ ಬೆಳೆದವಳು ನಾನು. ಆ ಕೂದಲಿಗೂ ಒಂದು ಪ್ರಶ್ನೆ ಎದುರಾಗಿತ್ತು ಎಂದು ಮಾತ್ರ ಎಂದೂ ಯೋಚಿಸಿರಲಿಲ್ಲ.

ಉಡುತಡಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ತಂದೆ ನಿರ್ಮಲಶೆಟ್ಟಿ, ತಾಯಿ ಸುಮತಿ ಎಂದು ಪರಂಪರೆ ಹೇಳುತ್ತದೆ. ಮಹಾದೇವಿ ಚಿಕ್ಕಂದಿನಿಂದ ಶಿವನಲ್ಲೇ ಮನಸ್ಸಿಟ್ಟವಳು. ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡ ಎಂದು ನಂಬಿ ಬೆಳೆದಳು. ಆದರೆ ಅವಳ ಭಕ್ತಿಗಿಂತ ಮೊದಲು ಜನರ ಕಣ್ಣಿಗೆ ಬಿದ್ದದ್ದು ಅವಳ ಚೆಲುವು. ರಾಜ ಕೌಶಿಕ ಅವಳನ್ನು ಕಂಡು ಮದುವೆಯಾಗಬೇಕೆಂದು ಹಟ ಹಿಡಿದ.

ಮುಂದಿನ ಕತೆಯನ್ನು ಎಲ್ಲರೂ ಒಂದೇ ರೀತಿ ಹೇಳಿಲ್ಲ. ಹಂಪೆಯ ಹರಿಹರ ಕವಿ ತನ್ನ ಮಹಾದೇವಿಯಕ್ಕನ ರಗಳೆಯಲ್ಲಿ ಮದುವೆ ನಡೆಯಿತು ಎನ್ನುತ್ತಾನೆ. ತಂದೆತಾಯಿಗೆ ಅಪಾಯವಾದೀತೆಂದು ಮಹಾದೇವಿ ಒಪ್ಪುತ್ತಾಳೆ, ಆದರೆ ಷರತ್ತು ಹಾಕಿ ಒಪ್ಪುತ್ತಾಳೆ. ತನ್ನ ಪೂಜೆಗೆ, ಶರಣರ ಸಂಗಕ್ಕೆ ಅಡ್ಡಿ ಬರಬಾರದು. ಮೂರು ತಪ್ಪುಗಳವರೆಗೆ ಸೈರಿಸುತ್ತಾಳೆ, ಆಮೇಲೆ ಇಲ್ಲ. ಕೌಶಿಕ ಮಾತು ಮುರಿದ. ಅವಳು ಅರಮನೆ ಬಿಟ್ಟು ಹೊರಟಳು. ಮದುವೆಯೇ ನಡೆಯಲಿಲ್ಲ ಎನ್ನುವ ಪರಂಪರೆಯೂ ಇದೆ. ಎರಡರಲ್ಲೂ ಕೊನೆ ಒಂದೇ. ರಾಜನ ಐಶ್ವರ್ಯಕ್ಕೆ ಅವಳು ಬಾಗಲಿಲ್ಲ.

ಹೊರಡುವಾಗ ಒಡವೆ ಬಿಟ್ಟಳು, ಸೀರೆಯನ್ನೂ ಬಿಟ್ಟಳು. ಮೈಗೆ ಉಳಿದದ್ದು ಕೂದಲೊಂದೇ. ಅದು ಅರಮನೆ ಕೊಟ್ಟದ್ದಲ್ಲ. ಅವಳ ಜೊತೆಗೇ ಬೆಳೆದದ್ದು. ಅದನ್ನು ಯಾರಿಗೂ ವಾಪಸು ಕೊಡಬೇಕಾಗಿರಲಿಲ್ಲ.

ಅವಳು ನಡೆದದ್ದು ಕಲ್ಯಾಣದ ಕಡೆಗೆ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅದು. ಉಡುತಡಿಯಿಂದ 400 ಕಿಲೋಮೀಟರಿಗೂ ಹೆಚ್ಚು ದೂರ. ಒಂಟಿ ಹುಡುಗಿ, ಗೊತ್ತಿಲ್ಲದ ಊರುಗಳು, ದಾರಿಯುದ್ದಕ್ಕೂ ನೋಡುವ ಕಣ್ಣುಗಳು. ಹಸಿವಾದರೆ ಊರ ಭಿಕ್ಷೆ, ಮಲಗಲು ಪಾಳುಬಿದ್ದ ಗುಡಿ. ಹೊಗಳಿಕೆ ತೆಗಳಿಕೆಗೆ ಮನಸ್ಸು ಕದಡದಂತೆ ಇರಬೇಕು ಎಂಬ ಅರ್ಥದ ಅವಳ ವಚನವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅಂಥ ದಾರಿ ನಡೆದವಳ ಮಾತು ಅದು ಎಂದು ಈಗ ಓದಿದಾಗ ಅದರ ತೂಕವೇ ಬೇರೆಯಾಯಿತು.

ಕಲ್ಯಾಣದಲ್ಲಿ ಅವಳನ್ನು ಮೊದಲು ಪರೀಕ್ಷಿಸಿದವನು ಕಿನ್ನರಿ ಬೊಮ್ಮಯ್ಯ. ಅನುಭವ ಮಂಟಪಕ್ಕೆ ಬಂದಾಗ ಎದುರಿಗೆ ಇದ್ದವರು ಅಲ್ಲಮಪ್ರಭು, ಬಸವಣ್ಣ, ಚೆನ್ನಬಸವಣ್ಣ. ಕೆಲಸ ಹುಡುಕುವ ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು 12ನೇ ಶತಮಾನದ ಅತ್ಯಂತ ಕಠಿಣ ಸಂದರ್ಶನ. ನಿನ್ನ ಗಂಡ ಯಾರು ಎಂದು ಅಲ್ಲಮ ಕೇಳಿದ. ಆಮೇಲೆ ನೇರವಾಗಿ ಕೂದಲಿಗೇ ಬಂದ. ದೇಹದ ಹಂಗು ಬಿಟ್ಟೆ ಎಂದು ಸೀರೆ ಬಿಟ್ಟವಳು ಕೂದಲನ್ನೇಕೆ ಮರೆ ಮಾಡಿಕೊಂಡಿದ್ದೀಯ? ನಾಚಿಕೆ ಇನ್ನೂ ಉಳಿದಿದೆ ಎಂದೇ ಇದರ ಅರ್ಥವಲ್ಲವೇ?

ಈ ಭಾಗ ಓದುವಾಗ ನನ್ನ ಕೈ ಬೆವರಿತ್ತು. ನಾನಾಗಿದ್ದರೆ ನಕ್ಕು ತಲೆ ತಗ್ಗಿಸುತ್ತಿದ್ದೆ. ಅವಳು ತಗ್ಗಿಸಲಿಲ್ಲ, ಸಿಟ್ಟೂ ಮಾಡಲಿಲ್ಲ. ಹಣ್ಣು ಒಳಗೆ ಮಾಗಿದ ಮೇಲಷ್ಟೇ ಹೊರಗಿನ ಸಿಪ್ಪೆಯ ಬಣ್ಣ ಕೆಡುತ್ತದೆ ಎಂಬ ಹೋಲಿಕೆ ಕೊಟ್ಟಳು. ಕೂದಲು ಮರೆಮಾಡಿದ್ದು ತನ್ನ ನಾಚಿಕೆಗಲ್ಲ, ನೋಡುವವರ ಮನಸ್ಸಿಗೆ ನೋವಾಗದಿರಲಿ ಎಂದು ಎಂಬ ಅರ್ಥದಲ್ಲಿ ಉತ್ತರಿಸಿದಳು. ಅಂದರೆ ಪ್ರಶ್ನೆಯನ್ನು ತನ್ನ ಮೈಮೇಲಿಂದ ಎತ್ತಿ ನೋಡುವವರ ಕಣ್ಣಿನ ಮುಂದೆ ಇಟ್ಟಳು. ಅಲ್ಲಮ ಅಷ್ಟಕ್ಕೇ ಬಿಡಲಿಲ್ಲ, ಮತ್ತೆ ಮತ್ತೆ ಕೆಣಕಿದ. ಪ್ರತಿ ಪ್ರಶ್ನೆಗೂ ಅವಳಲ್ಲಿ ಉತ್ತರವಿತ್ತು. ಕೊನೆಗೆ ಆ ಹಿರಿಯರೆಲ್ಲ ವಯಸ್ಸಿನಲ್ಲಿ ತಮಗಿಂತ ಚಿಕ್ಕವಳಾದ ಅವಳನ್ನು ಅಕ್ಕ ಎಂದು ಕರೆದರು. ಅಜಗಣ್ಣನ 5 ವಚನಗಳಿಗೆ ಮಹಾದೇವಿಯಕ್ಕನ ಒಂದು ವಚನ ಸಮ ಎಂಬ ಅರ್ಥದಲ್ಲಿ ಚೆನ್ನಬಸವಣ್ಣ ಅವಳ ಮಾತನ್ನು ತೂಗಿದ.

ಆ ಮನ್ನಣೆಗೂ ಅವಳು ಅಂಟಿಕೊಳ್ಳಲಿಲ್ಲ. ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು. ಅಲ್ಲಿನ ಕದಳಿಯಲ್ಲಿ ಚೆನ್ನಮಲ್ಲಿಕಾರ್ಜುನನೊಡನೆ ಒಂದಾದಳು ಎಂದು ಭಕ್ತರು ನಂಬುತ್ತಾರೆ. ಅವಳ ಹೆಸರಿನ ಗುಹೆಗಳು ಈಗಲೂ ಕೃಷ್ಣಾ ನದಿಯ ಆ ಕಾಡಿನಲ್ಲಿವೆ. ಎಂಟು ಶತಮಾನ ದಾಟಿದರೂ ಅವಳ ಮಾತು ಉಳಿಯಿತು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ದುಡಿದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಅಚ್ಚು ಹಾಕಿಸಿದರು. 1973ರಲ್ಲಿ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಅಕ್ಕನನ್ನು ಜಗತ್ತಿಗೆ ತಲುಪಿಸಿತು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಇಂದು ಅವಳದೇ ಹೆಸರು.

ಅಕ್ಕ ಕೂದಲಿನ ಚೆಂದಕ್ಕಾಗಿ ಬದುಕಿದವಳಲ್ಲ. ಅದನ್ನು ನಾನು ಬಲ್ಲೆ. ನನ್ನ ಪಾರ್ಲರಿನ ಚಿಂತೆಯನ್ನು ಅವಳ ವೈರಾಗ್ಯದ ಪಕ್ಕದಲ್ಲಿಡಲು ನಾಚಿಕೆಯೂ ಆಗುತ್ತದೆ. ಆದರೂ ಒಂದು ಮಾತು ನನಗೆ ಗಟ್ಟಿಯಾಗಿ ತಿಳಿಯಿತು. ಹೆಣ್ಣಿನ ಕೂದಲು ನೋಡಿ ಅವಳು ಹೀಗೆ ಎಂದು ತೀರ್ಮಾನಿಸಲು ಜನ ಸದಾ ತಯಾರು. ಆ ತೀರ್ಮಾನವನ್ನು ಒಪ್ಪುವುದು ಬಿಡುವುದು ನಮ್ಮ ಕೈಯಲ್ಲಿದೆ.

ನಮ್ಮ ಪಕ್ಕದ ತಾಲ್ಲೂಕು ಸವದತ್ತಿ. ಹುಡುಗಿಯ ತಲೆಯಲ್ಲಿ ಕೂದಲು ಸಿಕ್ಕುಗಟ್ಟಿ ಜಡೆ ಬಿದ್ದರೆ ಅದು ಯಲ್ಲಮ್ಮನ ಕರೆ ಎಂದು ನಂಬಿ ಅವಳನ್ನು ದೇವದಾಸಿಯಾಗಿ ಬಿಡುತ್ತಿದ್ದ ಕಾಲ ಈ ಸೀಮೆಯಲ್ಲಿತ್ತು. 1982ರಲ್ಲಿ ರಾಜ್ಯ ಸರ್ಕಾರ ಆ ಸಮರ್ಪಣೆಯನ್ನು ಕಾಯ್ದೆ ತಂದು ನಿಷೇಧಿಸಿತು. ನಾನು ಚಿಕ್ಕವಳಿದ್ದಾಗ ಜ್ವರ ಬಂದು ಎರಡು ವಾರ ಮಲಗಿದ್ದೆ. ಎದ್ದಾಗ ಗುಂಗುರು ಕೂದಲು ಹಿಂದೆ ಒಂದು ಗಂಟಾಗಿತ್ತು. ಓಣಿಯ ಮುದುಕಿಯೊಬ್ಬಳು ನೋಡಿ ಏನೋ ಗೊಣಗಿದಳಂತೆ. ಅಜ್ಜಿ ಆಕೆಗೆ ಒಂದು ಮಾತೂ ಆಡದೆ, ಕೊಬ್ಬರಿ ಎಣ್ಣೆ ಮತ್ತು ಹಣಿಗೆ ಹಿಡಿದು ಮೂರು ದಿನ ಕೂತು ಒಂದೊಂದೇ ಎಳೆ ಬಿಡಿಸಿದಳಂತೆ. ಆಗ ನನಗೆ ತಲೆ ನೋವಾದದ್ದಷ್ಟೇ ನೆನಪು. ಅಜ್ಜಿ ಬಿಡಿಸಿದ್ದು ಬರೀ ಕೂದಲಲ್ಲ ಎಂದು ಈಗ ತಿಳಿಯುತ್ತದೆ.

ದೂರದ ಅಮೆರಿಕದಲ್ಲೂ ಇದೇ ಕತೆ ಬೇರೆ ರೂಪದಲ್ಲಿದೆ. ಹುಟ್ಟುಗುಂಗುರಿನ ಕಾರಣಕ್ಕೆ ಕಪ್ಪು ಜನಾಂಗದ ಹೆಣ್ಣುಮಕ್ಕಳು ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಉಂಡರು. ಅದನ್ನು ತಡೆಯಲು 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕ್ರೌನ್ ಎಂಬ ಕಾಯ್ದೆ ತಂದಿತು. ಕೂದಲಿಗಾಗಿ ಒಂದು ಕಾಯ್ದೆಯೇ ಬೇಕಾಯಿತು ಎಂದರೆ ಅದು ಬರೀ ಅಲಂಕಾರದ ಮಾತಲ್ಲ ಎಂದಾಯಿತು.

ಮುರಿದ ತುದಿಗಳನ್ನೆಲ್ಲ ಕತ್ತರಿಸಿದೆ. ಭುಜಕ್ಕೂ ಬಾರದ ಗುಂಗುರು ಕೂದಲಿನಲ್ಲೇ ಕಳೆದ ತಿಂಗಳು ಇನ್ನೊಂದು ಸಂದರ್ಶನಕ್ಕೆ ಹೋದೆ. ಅಲ್ಲೂ ಕೂದಲಿನ ಮಾತು ಬಂತು. ಇದು ಹುಟ್ಟಿನಿಂದ ಇರುವುದೇ ಹೀಗೆ, ಕೆಲಸದ ಹೊತ್ತಿನಲ್ಲಿ ಒಪ್ಪವಾಗಿ ಕಟ್ಟಿಕೊಂಡಿರುತ್ತೇನೆ ಸರ್, ಲೆಕ್ಕಪತ್ರದ ಬಗ್ಗೆ ಏನು ಬೇಕಾದರೂ ಕೇಳಿ ಎಂದೆ. ಧ್ವನಿ ಸ್ವಲ್ಪ ನಡುಗಿತು, ಆದರೆ ನಿಲ್ಲಲಿಲ್ಲ. ಮುಂದಿನ ಇಪ್ಪತ್ತು ನಿಮಿಷ ಅವರು ಲೆಕ್ಕಪತ್ರದ ಬಗ್ಗೆಯೇ ಕೇಳಿದರು. ಫಲಿತಾಂಶ ಇನ್ನೂ ಬಂದಿಲ್ಲ. ಬಾರದಿದ್ದರೂ ನಾನು ಓದಿದ್ದನ್ನು ಹೇಳಿ ಬಂದೆ ಎಂಬ ಸಮಾಧಾನ ಇದೆ.

ಗೆಳತಿಯರೇ, ಗೆಳೆಯರೇ, ನಿಮ್ಮ ಬಣ್ಣದ ಬಗ್ಗೆಯೋ, ಎತ್ತರದ ಬಗ್ಗೆಯೋ, ಹಳ್ಳಿಯ ಮಾತಿನ ಬಗ್ಗೆಯೋ ಇಂಥದೇ ಪ್ರಶ್ನೆ ಬಂದೀತು. ಆಗ ಕಲ್ಯಾಣದ ಆ ಸಭೆಯನ್ನು ಒಮ್ಮೆ ನೆನಪಿಸಿಕೊಳ್ಳಿ.

ಆ ಸಂಜೆ ಊರಿಗೆ ಬಂದು ಪುಸ್ತಕದ ದುಡ್ಡು ಏನಾಯಿತೆಂದು ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ, ಬೈಯಲಿಲ್ಲ. ಅವ್ವ ಒಳಗಿನಿಂದ ಎಣ್ಣೆ ಬಟ್ಟಲು, ಹಣಿಗೆ ತಂದು ನನ್ನ ಬೆನ್ನ ಹಿಂದೆ ಕೂತಳು.