ಸ್ಪಿತಿಯ ಕಪ್ಪೆಚಿಪ್ಪುಗಳನ್ನು ಗುರುತಿಸಿದ ಫರ್ಡಿನಾಂಡ್ ಸ್ಟೋಲಿಚ್ಕಾ

ಈ ಸಲದ ವ್ಯಕ್ತಿ ಪರಿಚಯದಲ್ಲಿ ಕನ್ನಡದವರಲ್ಲದಿದ್ದರೂ ನಮ್ಮ ದಕ್ಷಿಣದ ಕಲ್ಲುಗಳಿಗೆ ಬಹಳ ದುಡಿದ ಒಬ್ಬರ ವಿಷಯ.

ಫರ್ಡಿನಾಂಡ್ ಸ್ಟೋಲಿಚ್ಕಾ 1838ರಲ್ಲಿ ಮೊರಾವಿಯದಲ್ಲಿ, ಈಗಿನ ಚೆಕ್ ದೇಶದಲ್ಲಿ, ಹುಟ್ಟಿದರು. ತಂದೆ ಅರಣ್ಯಪಾಲಕರು. ವಿಯೆನ್ನಾದಲ್ಲಿ ಎಡ್ವರ್ಡ್ ಸ್ಯೂಸ್ ಅವರ ಬಳಿ ಓದಿ, ಆಲ್ಪ್ಸ್ ಪರ್ವತದ ಪಳೆಯುಳಿಕೆಗಳಲ್ಲಿ ಕೈ ಪಳಗಿಸಿಕೊಂಡು, ಇನ್ನೂ ಇಪ್ಪತ್ತೈದು ತುಂಬುವ ಹೊತ್ತಿಗೆ ಕಲ್ಕತ್ತೆಯ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಗೆ ಬಂದರು.

1864 ಮತ್ತು 1865ರಲ್ಲಿ ಅವರನ್ನು ಹಿಮಾಲಯದ ಸ್ಪಿತಿ ಕಣಿವೆಯ ಕಡೆಗೆ ಕಳುಹಿಸಲಾಯಿತು. ಅಲ್ಲಿ, ಸಮುದ್ರದಿಂದ ನೂರಾರು ಮೈಲಿ ದೂರದ ಬೆಟ್ಟದ ಸುಣ್ಣಕಲ್ಲಿನಲ್ಲಿ, ಕಪ್ಪೆಚಿಪ್ಪುಗಳು. ಕಾಸರಗೋಡಿನವರು ಮರುವಾಯಿ ಎಂದು ಸಾರು ಮಾಡುತ್ತಾರಲ್ಲ, ಅದೇ ಎರಡು ಚಿಪ್ಪಿನ ಜಾತಿ. ಆದರೆ ಇವು 20 ಕೋಟಿ ವರ್ಷಕ್ಕೂ ಹಿಂದಿನ ಟ್ರಯಾಸಿಕ್ ಕಾಲದವು, ವಂಶವೇ ಅಳಿದುಹೋದವು.

ಇವನ್ನು ವಿಂಗಡಿಸುವುದು ಹೇಗೆ? ಹೊರಗಿನ ಆಕಾರ ನಂಬುವಂತಿಲ್ಲ. ಎರಡು ಚಿಪ್ಪು ಕೂಡುವ ಕೀಲಿನ ಹಲ್ಲು ಎಷ್ಟು, ಹೇಗಿವೆ, ಒಳಗೆ ಸ್ನಾಯು ಅಂಟಿದ್ದ ಗುರುತು ಎಲ್ಲಿ, ಇವೇ ಆಧಾರ. ಕಷ್ಟ ಇರುವುದು ಇಲ್ಲೇ: ಬಂಡೆಯಲ್ಲಿ ಚಿಪ್ಪು ಅಡ್ಡ ಸೀಳಿದಂತೆ ಮಾತ್ರ ಕಾಣುತ್ತದೆ, ಕೀಲು ಕಲ್ಲಿನೊಳಗೆ ಹುದುಗಿರುತ್ತದೆ. ಮೆಗಲೋಡಾನ್ ಎಂಬ ದಪ್ಪ ಚಿಪ್ಪಿನ ಇಂಥ ಸೀಳುಗಳನ್ನು ಆಲ್ಪ್ಸ್‌ನ ದನಗಾಹಿಗಳು ಹಸುವಿನ ಗೊರಸಿನ ಗುರುತು ಎನ್ನುತ್ತಿದ್ದರು. ಅದೇ ಮೆಗಲೋಡಾನನ್ನು ಸ್ಟೋಲಿಚ್ಕಾ ಹಿಮಾಲಯದಲ್ಲೂ ಗುರುತಿಸಿದರು. ಜೊತೆಗಿದ್ದ, ಕೊಂಬಿನಂತೆ ತಿರುಚಿದ ಇನ್ನೊಂದಕ್ಕೆ ಡೈಸೆರೋಕಾರ್ಡಿಯಂ ಹಿಮಾಲಯೆನ್ಸೆ ಎಂದು ಹೆಸರಿಟ್ಟರು. 1866ರ ವರದಿಯಲ್ಲಿ ಅವರು ಲಿಲಾಂಗ್ ಎಂದು ಕರೆದ ಟ್ರಯಾಸಿಕ್ ಪದರದ ಹೆಸರು ಇಂದಿಗೂ ಉಳಿದಿದೆ.

ಎಲ್ಲವೂ ಉಳಿಯಲಿಲ್ಲ. ತೆಳುವಾದ, ಗೆರೆಗೆರೆಯ ಕೆಲವು ಚಿಪ್ಪುಗಳನ್ನು ಅವರು ಹಾಲೋಬಿಯಾ ಎಂದು ಸೇರಿಸಿದ್ದರು. 1874ರಲ್ಲಿ ಮೊಯ್ಸಿಸೊವಿಚ್ ಆ ಗುಂಪಿನಿಂದ ಡಾವೊನೆಲ್ಲಾ ಎಂಬುದನ್ನು ಬೇರ್ಪಡಿಸಿದರು. 1899ರಲ್ಲಿ ಬಿಟ್ನರ್ ಹಿಮಾಲಯದ ಚಿಪ್ಪುಗಳನ್ನು ಮತ್ತೆ ಪರೀಕ್ಷಿಸಿ ಡಾವೊನೆಲ್ಲಾ ಇಂಡಿಕಾವನ್ನು ಹೆಸರಿಸಿದರು. ನನ್ನ ಅಭಿಪ್ರಾಯದಲ್ಲಿ ಇದರಿಂದ ಮೊದಲಿನವರ ಬೆಲೆ ಕಡಿಮೆಯಾಗುವುದಿಲ್ಲ. ಕಡತ ತೆರೆದವರು ಇದ್ದರೆ ತಾನೇ ತಿದ್ದುಪಡಿ!

ಕಲ್ಕತ್ತೆಯಲ್ಲಿ ಕುಳಿತು ತಿರುಚಿನಾಪಳ್ಳಿ ಸೀಮೆಯ ಚಿಪ್ಪುಗಳ ಮೇಲೆ ದೊಡ್ಡ ಸಂಪುಟಗಳನ್ನು ಬರೆದರು. ಅವು ಟ್ರಯಾಸಿಕ್‌ಗಿಂತ ಈಚಿನವು. 1871ರ ಸಂಪುಟದಲ್ಲಿ ಆಗ ತಿಳಿದಿದ್ದ ಎಲ್ಲ ಕಪ್ಪೆಚಿಪ್ಪಿನ ಕುಲಗಳ ಪರಾಮರ್ಶೆಯೇ ಇದೆ. ಈಗ ಸಿಮೆಂಟ್ ಕಾರ್ಖಾನೆಗಳಿರುವ ಅರಿಯಲೂರು ಅದೇ ಸೀಮೆ. ಹೊಸೂರು, ತಾಳವಾಡಿಯ ಸದಸ್ಯರಿಗೆ ಗೊತ್ತಿರಬಹುದು.

1873ರಲ್ಲಿ ಫೋರ್ಸೈತ್ ಅವರ ಯಾರ್ಕಂಡ್ ನಿಯೋಗದ ಜೊತೆ ಹೊರಟರು. ಹಿಂದಿರುಗುವಾಗ ಕಾರಕೋರಂ ಕಣಿವೆದಾರಿ ದಾಟಿದ ಮೇಲೆ ತಲೆನೋವು, ಉಸಿರಾಟದ ತೊಂದರೆ ಹೆಚ್ಚಿ, 1874ರ ಜೂನ್ 19ರಂದು ಲಡಾಖಿನ ಮುರ್ಗೋದಲ್ಲಿ ತೀರಿಕೊಂಡರು. ವಯಸ್ಸು 36. ಆ ಯಾತ್ರೆಯ ಸಂಗ್ರಹವನ್ನೂ ಟಿಪ್ಪಣಿಗಳನ್ನೂ ಬೇರೆಯವರು ಮುಂದೆ ವರ್ಷಗಟ್ಟಲೆ ಕೂತು ಪ್ರಕಟಿಸಿದರು. ಆಲ್ಪ್ಸ್‌ಗೂ ಹಿಮಾಲಯಕ್ಕೂ ಒಂದೇ ಸಮುದ್ರ ಹಬ್ಬಿತ್ತೆಂದು ಅವರ ಗುರು ಸ್ಯೂಸ್ ಅದಕ್ಕೆ ಟೆಥಿಸ್ ಎಂದು ಹೆಸರಿಟ್ಟದ್ದು 1893ರಲ್ಲಿ.

ಸ್ಟೋಲಿಚ್ಕಾ ಅವರ ಸಮಾಧಿ ಲೇಹ್‌ನಲ್ಲಿದೆ. ಪ್ರವಾಸ ಹೋಗುವ ಸದಸ್ಯರು ಅಲ್ಲಿನ ಮೊರಾವಿಯನ್ ಸ್ಮಶಾನದಲ್ಲಿ ಸರ್ಕಾರ ನಿಲ್ಲಿಸಿದ ಕಲ್ಲಿನ ಸ್ಮಾರಕವನ್ನು ನೋಡಬಹುದು.

— ಕಾರ್ಯದರ್ಶಿ